ಪದನೀರಿನ ರಸಿಕರಿಗೊಂದು ಕೈಪಿಡಿ

ಜಪಾನಿನ ಸಾಕೆ ಎಂಬ ಅಕ್ಕಿಮದ್ಯದ ಅಂಗಡಿಯಲ್ಲಿ ಗೆಳೆಯರೊಡನೆ ಕುಳಿತವನು ತನ್ನ ಬಟ್ಟಲನ್ನು ತಾನೇ ತುಂಬಿಕೊಳ್ಳದೆ ನೆರೆಯವನ ಬಟ್ಟಲನ್ನು ತುಂಬುವುದು ಅಲ್ಲಿನ ಶಿಷ್ಟಾಚಾರ. ಸೇಲಂ, ಧರ್ಮಪುರಿ ಸೀಮೆಯ ತಾಳೆಮರಗಳ ಬುಡಕ್ಕೆ ಪದನೀರಿನ, ಎಂದರೆ ಹುದುಗದ ಸಿಹಿ ತಾಳೆರಸದ, ಆಸೆಯಿಂದ ಹೋಗುವ ಹೊಸಬರೂ ಈ ಸೌಜನ್ಯವನ್ನು ರೂಢಿಸಿಕೊಂಡರೆ ಸೊಗಸು.

ಇಲ್ಲಿ ಕಳ್ಳನ್ನು ಅರಸತಕ್ಕದ್ದಲ್ಲ. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ ಜನಿಸಿ, ಬೆಂಗಳೂರಿನಲ್ಲಿ ವ್ಯಾಸಂಗ ಮಾಡಿ, ಸೇಲಂನಲ್ಲಿ ವಕೀಲಿ ನಡೆಸಿದ ರಾಜಾಜಿಯವರು ಮದರಾಸು ಪ್ರಾಂತದ ಪ್ರಧಾನಿಗಳಾಗಿ ಪಾನನಿಷೇಧವನ್ನು ಮೊತ್ತಮೊದಲು ಜಾರಿಗೆ ತಂದದ್ದು 1937ರ ಅಕ್ಟೋಬರ್ 1ರಂದು, ಧರ್ಮಪುರಿಯೂ ಒಳಗೊಂಡಿದ್ದ ಅಂದಿನ ಸೇಲಂ ಜಿಲ್ಲೆಯಲ್ಲಿ. ಅಬಕಾರಿಯ ವರಮಾನ ನಷ್ಟವಾದುದನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆಯೂ ಬಂದಿತು. ಸರ್ಕಾರವೇ ಮದ್ಯದಂಗಡಿಗಳನ್ನು ನಡೆಸುವ ಇಂದಿನ ತಮಿಳುನಾಡಿನಲ್ಲಿಯೂ ಕಳ್ಳು ಮಾತ್ರ 1987ರಿಂದ ನಿಷಿದ್ಧವಾಗಿಯೇ ಉಳಿದಿದೆ.

ಸಾಕೆಗೂ ಪದನೀರಿಗೂ ಇರುವ ಭೇದವನ್ನು ಮೊದಲು ಅರಿಯಬೇಕು. ಅಕ್ಕಿಯಲ್ಲಿರುವ ಪಿಷ್ಟವನ್ನು ಕೋಜಿ ಎಂಬ ಬೂಷ್ಟು ಸಕ್ಕರೆಯಾಗಿ ಒಡೆಯುತ್ತಿರುವಾಗಲೇ ಹುದುಗು ಆ ಸಕ್ಕರೆಯನ್ನು ಮದ್ಯವಾಗಿಸುವುದರಿಂದ, ಸಾಕೆ ಕಾಲವು ಪಕ್ವಗೊಳಿಸಿದ ಪಾನ. ತಾಳೆಯ ಹೊಂಬಾಳೆಯಿಂದಲಾದರೋ ಸಕ್ಕರೆಯೇ ರಸವಾಗಿ ಒಸರುತ್ತದೆ. ತಾನಾಗಿಯೇ ಹುದುಗು ತಗುಲಿ ಕೆಲವೇ ತಾಸುಗಳಲ್ಲಿ ಅದು ಕಳ್ಳಾಗುವುದರಿಂದ, ಮಡಕೆಯ ಒಳಮೈಗೆ ಸುಣ್ಣ ಬಳಿದು ಆ ಪರಿಣಾಮವನ್ನು ತಡೆಯಬೇಕು. ಪದನೀರಿನ ರುಚಿಯೆಲ್ಲ ಈ ತಡೆಯಲ್ಲಿದೆ. ಮರವೇರುವವನ ಜಾಣ್ಮೆಯೆಲ್ಲ ಕತ್ತಿಯಲ್ಲಿದೆ. ಬೆಳಿಗ್ಗೆ ಸಂಜೆ ಹೊಂಬಾಳೆಯ ತುದಿಯನ್ನು ಆತನು ತೆಳ್ಳನೆಯ ಬಿಲ್ಲೆಯಾಗಿ ಕೊಯ್ಯುತ್ತಾನೆ: ದಪ್ಪಗೆ ಕೊಯ್ದರೆ ಹೊಂಬಾಳೆ ಬೇಗನೆ ತೀರುತ್ತದೆ, ಕೊಯ್ಯದೆ ಬಿಟ್ಟರೆ ಗಾಯ ಕಟ್ಟಿ ಒಸರು ನಿಲ್ಲುತ್ತದೆ.

ಆದುದರಿಂದ ರಸಿಕನಾದವನು ಬೇಸಗೆಯಲ್ಲಿ, ಬಿಸಿಲೇರುವ ಮುನ್ನವೇ, ಮಡಕೆ ಇಳಿಯುವ ಹೊತ್ತಿಗೆ ಸರಿಯಾಗಿ ಹೋಗತಕ್ಕದ್ದು. ಮೊದಲು ಕಣ್ಣಿನ ಪರೀಕ್ಷೆ. ಸುಣ್ಣ ತಳಕ್ಕಿಳಿದು ಮೇಲಿನ ರಸ ತಿಳಿಯಾಗಿದ್ದರೆ ಉತ್ತಮ. ಗುಳ್ಳೆಯೆದ್ದು ನೊರೆಯಾಡುತ್ತಿದ್ದರೆ ಸುಣ್ಣ ಸೋತಿದೆಯೆಂದು ತಿಳಿಯಬೇಕು. ಅನಂತರ ಮೂಗು: ಹುಳಿಯ ವಾಸನೆ ಕೂಡದು. ಎಳೆಯ ತಾಳೆಗರಿಯನ್ನು ಮಡಿಸಿ ಕಟ್ಟಿದ ದೊನ್ನೆಯನ್ನು ಎರಡೂ ಕೈಗಳಲ್ಲಿ ಹಿಡಿದಾಗ ಹಸಿಗರಿಯ ಕಂಪು ರಸದ ಕಂಪಿನೊಡನೆ ಬೆರೆಯುವುದರಿಂದ, ಗಾಜಿನ ಲೋಟವನ್ನು ಕೇಳುವುದು ಅರಸಿಕತೆ. ಮೊದಲ ಗುಟುಕಿನಲ್ಲಿ ಸಿಹಿಯೊಂದೇ ತೋರುತ್ತದೆ. ಎರಡನೆಯದನ್ನು ನಾಲಗೆಯ ಮೇಲೆ ಕ್ಷಣಕಾಲ ನಿಲ್ಲಿಸಿದರೆ ಸಿಹಿಯ ಹಿಂದಿನಿಂದ ಸುಣ್ಣದ ಸಣ್ಣ ಒಗರು ಮೇಲೇಳುತ್ತದೆ. ಆ ಒಗರು ನಾಲಗೆಯನ್ನು ಒರಟಾಗಿಸಿದರೆ ಸುಣ್ಣ ಮಿಗಿಲಾಯಿತು. ಸಿಹಿಗೆ ಅಂಕೆಯಾಗಿ ನಿಂತರೆ ಹದ ಸರಿಯಾಯಿತು. ತಾಟಿನಿಂಗಿನ ಎಳೆಯ ತಿರುಳನ್ನು ದೊನ್ನೆಗೆ ಹಾಕಿಸಿಕೊಳ್ಳುವುದು ಇದಾದ ಬಳಿಕವೇ ಯುಕ್ತ. ಮೊದಲೇ ಹಾಕಿದರೆ ಹದದ ಪರೀಕ್ಷೆ ಕೆಡುತ್ತದೆ.

ಮಿತ್ರರು ಮೂರು ನಾಲ್ಕು ಮಂದಿಯಿದ್ದರೆ ಬೇರೆ ಬೇರೆ ಮರಗಳ ಮಡಕೆಗಳಿಂದ ಒಂದೊಂದು ದೊನ್ನೆ ಎರೆಯಿಸಿ ಪರಸ್ಪರ ಬದಲಿಸಿಕೊಳ್ಳಿರಿ. ಒಂದೇ ತೋಪಿನ ಮರಗಳಲ್ಲಿಯೂ ಮಾಧುರ್ಯ ಹೆಚ್ಚುಕಡಮೆಯಿರುವುದು ಆಗ ವೇದ್ಯವಾಗುತ್ತದೆ. ಸೀಸೆಯಲ್ಲಿ ತುಂಬಿಸಿಕೊಂಡು ಊರಿಗೊಯ್ಯುವ ಆಸೆಯನ್ನು ಮಾತ್ರ ಬಿಡಿರಿ: ಬಸ್ಸಿನ ಸೆಖೆಯಲ್ಲಿ ಸುಣ್ಣದ ಕಟ್ಟು ಸಡಿಲಿ, ದಾರಿಯಲ್ಲಿಯೇ ಅದು ಕಾನೂನು ಒಪ್ಪದ ಪಾನವಾದೀತು. ಒಯ್ಯಲೇಬೇಕೆಂದಿದ್ದರೆ, ಇದೇ ರಸವನ್ನು ಬಾಣಲೆಯಲ್ಲಿ ಕಾಸಿ ಇಳಿಸಿದ ತಾಳೆಬೆಲ್ಲವನ್ನು ಕೊಂಡೊಯ್ಯಿರಿ. ಅದಕ್ಕೆ ಅವಸರವೂ ಇಲ್ಲ, ಅಪರಾಧವೂ ಇಲ್ಲ.