ಮೂರು ಸೆಕೆಂಡಿನಲ್ಲಿ ಕಾಣದ ಕೊಂಡಿ

ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು. ಮೈಯ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದೇ ಕೊಂಡಿ. ಈ ಜೋಡಣೆಯ ಕಾರಣಕ್ಕೆ ಹಾಸನ್ನು ಒಂದೊಂದು ಸೀರೆಗೂ ಬೇರೆಯಾಗಿಯೇ ಹೂಡಬೇಕು. ಸೆರಗಿನ ಕೆಂಪಿನ ಮೇಲೆ ಬಿಳಿಯಲ್ಲಿ ಏಳುವ ಜೋಳದ ತೆನೆ, ಹಣಿಗೆ, ಕೋಟೆ ಸಾಲು ನೋಡಿದವರಿಗೆ ಇದು ಇಳಕಲ್ಲಿನದೇ ಎಂದು ಯಾರೂ ಹೇಳಿಕೊಡಬೇಕಿಲ್ಲ. ಇಂಥ ಸೀರೆ ಮಾರುವ ವೆಬ್‌ಸೈಟಿಗೆ ಒಂದು ನಿಮಿಷದ ವಿಡಿಯೊ ಬೇಕು. ಕ್ಯಾಮೆರಾದವರನ್ನು, ಎಡಿಟರನ್ನು ಕರೆಸುವಷ್ಟು ದುಡ್ಡಿಲ್ಲ. ಆಗ ನೆನಪಾಗುವುದು ಬ್ರೌಸರ್‌ನಲ್ಲೇ ವಿಡಿಯೊ ಮಾಡಿಕೊಡುವ ಸೇವೆಗಳು: ಅನಿಮೋಟೊ, ಕ್ಯಾನ್ವಾ, ಮುಂಬೈಯಲ್ಲಿ ಹುಟ್ಟಿದ ಇನ್‌ವಿಡಿಯೊ, ಮೈಕ್ರೋಸಾಫ್ಟ್ 2021ರಲ್ಲಿ ಕೊಂಡ ಕ್ಲಿಪ್‌ಚಾಂಪ್. ಇವು ಸಣ್ಣವರಿಗೆ ಎಷ್ಟರ ಮಟ್ಟಿಗೆ ಒದಗುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಈ ಸೀರೆಯನ್ನೇ ಮುಂದಿಟ್ಟುಕೊಂಡು ನೋಡಬೇಕೆನಿಸಿತು.

ಈ ಬಗೆಯ ಸೇವೆಗಳ ಹಿರಿಯಣ್ಣ ಅನಿಮೋಟೊ. 2006ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ಕಟ್ಟಿದವರಲ್ಲಿ ಟೀವಿ, ಸಿನಿಮಾ ಕೆಲಸ ಬಲ್ಲವರಿದ್ದರು. ಫೋಟೊಗಳನ್ನು ಹಾಕಿ, ಒಂದು ಹಾಡು ಆರಿಸಿದರೆ ಸಾಕು, ಹಾಡಿನ ಏರಿಳಿತ ಹಿಡಿದು ಅದೇ ಚಿತ್ರಗಳನ್ನು ಜೋಡಿಸಿ ಸಿನಿಮಾ ಟ್ರೇಲರ್‌ನಂಥದ್ದೊಂದನ್ನು ಕೈಗಿಡುತ್ತಿತ್ತು. 2008ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಮೂಲಕ ಜನ ಹೇಗೆ ಮುಗಿಬಿದ್ದರೆಂದರೆ, ಅಮೆಜಾನ್‌ನಿಂದ ಬಾಡಿಗೆಗೆ ಪಡೆದಿದ್ದ ಸರ್ವರ್‌ಗಳು ಕೆಲವೇ ದಿನಗಳಲ್ಲಿ ಐವತ್ತರ ಆಸುಪಾಸಿನಿಂದ ಮೂರು ಸಾವಿರ ದಾಟಿದವು. ಕ್ಲೌಡ್ ಎಂದರೇನು ಎಂದು ವಿವರಿಸುವವರು ಇಂದಿಗೂ ಆ ಕತೆ ಹೇಳುತ್ತಾರೆ. ನಾನು ಅದನ್ನು ನೆನೆಯುವುದು ಬೇರೆ ಕಾರಣಕ್ಕೆ. ಈ ಕಲೆಯ ಬುಡದಲ್ಲಿ ಇದ್ದದ್ದು ಸಂಗೀತ. ಚಿತ್ರ ಎಷ್ಟು ಹೊತ್ತು ನಿಲ್ಲಬೇಕು ಎಂದು ತೀರ್ಮಾನಿಸುತ್ತಿದ್ದದ್ದು ತಾಳವೇ ಹೊರತು ಚಿತ್ರದೊಳಗಿನ ವಿಷಯವಲ್ಲ. ಆಮೇಲೆ ಬಂದ ಟೆಂಪ್ಲೇಟುಗಳು ಬಹುಮಟ್ಟಿಗೆ ಅದೇ ಜಾಡು ಹಿಡಿದವು.

ನಾನು ಬಳಸಿ ನೋಡಿದ ಒಂದು ಸೇವೆಯಲ್ಲಿ, "ಕರಕುಶಲ" ಎಂಬ ಟೆಂಪ್ಲೇಟಿನೊಳಗೆ ಒಂದೊಂದು ತುಣುಕಿಗೂ ಮೂರು ಸೆಕೆಂಡು ಮೀಸಲು. ಕೊಂಡಿ ಹಾಕುವ ಬೆರಳುಗಳನ್ನು ಹತ್ತಿರದಿಂದ ತೆಗೆದ ದೃಶ್ಯವನ್ನು ಅಲ್ಲಿಟ್ಟು ನೋಡಿ. ಮೊದಲ ಸೆಕೆಂಡಿನಲ್ಲಿ ಕಣ್ಣಿಗೆ ಕೈ ಕಾಣುತ್ತದೆ. ಎರಡನೆಯದರಲ್ಲಿ ಎರಡು ಬಣ್ಣದ ಎಳೆಗಳಿವೆ ಎಂದು ಗೊತ್ತಾಗುತ್ತದೆ. ಮೂರನೆಯದರಲ್ಲಿ ಬೆರಳು ಕುಣಿಕೆಯ ಕಡೆ ಸರಿಯುವಷ್ಟರಲ್ಲಿ ಚಿತ್ರ ಅಡ್ಡಕ್ಕೆ ಜಾರಿ ಬೇರೊಂದು ಬಂದುಬಿಡುತ್ತದೆ. ಈ ಸೀರೆಗೆ ಬೆಲೆ ಯಾಕೆ ಎಂಬುದಕ್ಕೆ ಇದ್ದ ಒಂದೇ ಉತ್ತರ ಆ ಕುಣಿಕೆಯಲ್ಲಿತ್ತು. ಅದೇ ಸೇವೆಯಲ್ಲಿ ತುಣುಕಿನ ಅವಧಿಯನ್ನು ಎಳೆದು ಹನ್ನೆರಡು ಸೆಕೆಂಡು ಮಾಡಬಹುದು. ಆ ಸೌಲಭ್ಯ ಇದೆ. ಮಾಡಿದಾಗ ವಿಡಿಯೊ ಒಮ್ಮೆಲೇ ಜೀವ ತಳೆಯಿತು. ಸೌಲಭ್ಯ ಇದ್ದರೂ ಬಹುತೇಕರು ಅದನ್ನು ಮುಟ್ಟುವುದಿಲ್ಲ, ಯಾಕೆಂದರೆ ಟೆಂಪ್ಲೇಟು ಮೊದಲ ನೋಟಕ್ಕೇ ಮುಗಿದ ಕೆಲಸದಂತೆ ಕಾಣುತ್ತದೆ. ನನ್ನ ಮೊದಲ ಆಕ್ಷೇಪ ಇದೇ: ವಿಷಯ ಬರುವ ಮೊದಲೇ ಅದರ ಲಯ ನಿಗದಿಯಾಗಿರುತ್ತದೆ.

ಆ ಲಯಕ್ಕೆ ಆಧಾರವಾದ ಸಂಗೀತವೋ, ವೆಬ್‌ಸೈಟಿನ ಮುಖಪುಟದಲ್ಲಿ ಕೇಳುವುದೇ ಇಲ್ಲ. ಪುಟ ತೆರೆದೊಡನೆ ತಾನಾಗಿ ಓಡುವ ವಿಡಿಯೊಗೆ ಐಫೋನಿನ ಸಫಾರಿ 2016ರಲ್ಲಿ ಅವಕಾಶ ಕೊಟ್ಟದ್ದು ದನಿ ಬಂದ್ ಆಗಿರಬೇಕೆಂಬ ಷರತ್ತಿನ ಮೇಲೆ. 2018ರಲ್ಲಿ ಕ್ರೋಮ್ ಕೂಡ ಅದೇ ದಾರಿ ಹಿಡಿಯಿತು. ನೋಡುವವರು ಪುಟವನ್ನು ಮುಟ್ಟುವ ತನಕ ಸಾಮಾನ್ಯವಾಗಿ ದನಿ ಹೊರಡದು. ನೋಡುವವರ ದೃಷ್ಟಿಯಿಂದ ಇದು ಒಳ್ಳೆಯ ನಿಯಮವೇ. ಆದರೆ ಹಾಡು ಆರಿಸುವುದಕ್ಕೆ ಅರ್ಧ ದಿನ ಕಳೆದವರಿಗೆ ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಹಾಡು ಹೋದ ಮೇಲೆ ಉಳಿಯುವುದು ಚಿತ್ರ ಮತ್ತು ಪರದೆಯ ಮೇಲಿನ ಬರಹ. ಹಾಗಾಗಿ ವೆಬ್‌ಸೈಟ್ ವಿಡಿಯೊದ ಯೋಗ್ಯತೆ ಈ ಎರಡರಿಂದಲೇ ತೀರ್ಮಾನವಾಗಬೇಕು.

ಬರಹದ ವಿಷಯಕ್ಕೆ ಬಂದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕನ್ನಡಕ್ಕೆ ಇವತ್ತು ಅಕ್ಷರವಿನ್ಯಾಸದ ಬಡತನವಿಲ್ಲ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ಟಿರೊ ಕನ್ನಡ ಇವೆಲ್ಲ ಪುಕ್ಕಟೆ ಸಿಗುತ್ತವೆ. ತೊಂದರೆ ಇರುವುದು ಅಕ್ಷರಗಳನ್ನು ಕುಣಿಸುವ ಅನಿಮೇಶನ್‌ನಲ್ಲಿ. "ಮಗ್ಗ" ಎಂದರೆ ನಮಗೆ ಎರಡಕ್ಷರ. ಯೂನಿಕೋಡ್‌ನಲ್ಲಿ ಅದು ನಾಲ್ಕು ಸಂಕೇತ: ಮ, ಗ, ಹಲಂತ, ಮತ್ತೊಂದು ಗ. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪ್ರೋಗ್ರಾಂ, ಸಂಕೇತ ಒಂದಾದರೆ ಅಕ್ಷರವೂ ಒಂದು ಎಂದು ಎಣಿಸಿ ಒಂದೊಂದನ್ನೇ ಪರದೆಗೆ ಬಿಡುತ್ತದೆ. ನಾನು ನೋಡಿದ ಆ ಸೇವೆಯಲ್ಲಿ "ಕೈಮಗ್ಗದ ಸೀರೆ" ಎಂಬ ಶೀರ್ಷಿಕೆ ಹೀಗೆ ಬಂತು: ಮೊದಲು ಕ, ಪಕ್ಕದಲ್ಲಿ ಚುಕ್ಕೆಗಳ ವೃತ್ತಕ್ಕೆ ಅಂಟಿಕೊಂಡ ಐತ್ವ, ಆಮೇಲೆ ಮ, ಗ, ಇನ್ನೊಂದು ಚುಕ್ಕೆವೃತ್ತದ ಮೇಲೆ ಹಲಂತ, ಒತ್ತಾಗದೆ ಪಕ್ಕಕ್ಕೆ ನಿಂತ ಗ. ಇಡೀ ಸಾಲು ಒಟ್ಟಿಗೆ ಮೂಡುವ ಅಥವಾ ಪದ ಪದವಾಗಿ ಬರುವ ಅನಿಮೇಶನ್ ಆರಿಸಿದಾಗ ಅದೇ ಫಾಂಟಿನಲ್ಲಿ ಅದೇ ಬರಹ ಚೊಕ್ಕಟವಾಗಿ ಬಂತು. ಅಂದರೆ ಫಾಂಟಿನದು ತಪ್ಪಲ್ಲ. ಒಡೆಯುವ ಜಾಗವನ್ನು ಅಕ್ಷರಕ್ಕೆ ಸರಿಯಾಗಿ ಇಟ್ಟರೆ ಮುಗಿಯುವ ಕೆಲಸ ಇದು. ದುಡ್ಡು ಕೊಟ್ಟು ಚಂದಾದಾರರಾದ ಕನ್ನಡಿಗರಿಗೆ ಒತ್ತಕ್ಷರ ಸರಿಯಾಗಿ ಸಿಗದಿದ್ದರೆ ಅದನ್ನು ಸಣ್ಣ ಲೋಪವೆಂದು ನಾನು ಒಪ್ಪುವುದಿಲ್ಲ. ಇನ್ನೊಂದು ಮಾತು: ಡಿಟಿಪಿ ಅಂಗಡಿಯಿಂದ ತಂದ ಹಳೆಯ ನುಡಿ, ಬರಹ ಸಂಕೇತದ ಪಠ್ಯವನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಚಿತ್ರದ ಕತೆ ಇನ್ನೂ ಗಂಭೀರ. ಈ ಸೇವೆಗಳು ಲಕ್ಷಗಟ್ಟಲೆ ಸಿದ್ಧ ದೃಶ್ಯಗಳ ಭಂಡಾರವನ್ನು ಜೊತೆಗೇ ಕೊಡುತ್ತವೆ. ಮಗ್ಗ ಎಂದು ಹುಡುಕಿದೆ. ಬಂದವುಗಳಲ್ಲಿ ಹೆಚ್ಚಿನವು ಬೇರೆ ದೇಶದ ಕಂಬಳಿ, ಚಾಪೆ ನೇಯುವ ಮಗ್ಗಗಳು. ಸೀರೆ ಎಂದರೆ ಮದುವಣಗಿತ್ತಿಯ ಜರಿ ರೇಷ್ಮೆ. ನೋಡಲು ಚೆಂದವೇ. ಆದರೆ ಅಂಥದ್ದನ್ನು ಇಳಕಲ್ ಸೀರೆ ಮಾರುವ ಪುಟದಲ್ಲಿ ಹಾಕಿದರೆ ಕೊಳ್ಳುವವರಿಗೆ ಸುಳ್ಳು ಹೇಳಿದಂತೆ. ಈಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾಲ್ಕು ವಾಕ್ಯ ಬರೆದರೆ ಕೃತಕ ಬುದ್ಧಿಮತ್ತೆಯೇ ಮಗ್ಗ, ನೇಕಾರ, ಸೀರೆ ಎಲ್ಲವನ್ನೂ ಸೃಷ್ಟಿಸಿ ಕೊಡುತ್ತದೆ. ಅದರಲ್ಲಿ ಎಳೆಗಳು ಎಲ್ಲಿಂದಲೋ ಹೊರಟು ಎಲ್ಲಿಗೂ ಮುಟ್ಟದೆ ಮಾಯವಾಗುತ್ತವೆ. ಲಾಳಿ ಹಾಸಿನ ಮೇಲೆಯೇ ತೇಲುತ್ತದೆ. ನೇಯುವವರು ಒಮ್ಮೆ ನೋಡಿದರೆ ಸಾಕು, ಗುಟ್ಟು ಬಯಲು. ಕೊಳ್ಳುವವರಿಗೆ ಅದು ತಿಳಿಯುವುದಿಲ್ಲ, ಅಪಾಯ ಇರುವುದೂ ಅಲ್ಲೇ. ಕೈಮಗ್ಗವೆಂದರೆ ನಿಜವಾದ ಕೈ, ನಿಜವಾದ ಮಗ್ಗ ಎಂಬ ನಂಬಿಕೆಯ ಮೇಲೆ ನಿಂತ ವ್ಯಾಪಾರ. ಇಲ್ಲದ ಮಗ್ಗವನ್ನು ತೋರಿಸಿ ಸೀರೆ ಮಾರುವುದು ನೇಕಾರರ ಹೊಟ್ಟೆಯ ಮೇಲೆ ಹೊಡೆದ ಹಾಗೆ. ದಾರಿ ತಪ್ಪಿಸುವ ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ತಡೆಯುತ್ತದೆ. ಕಾಯ್ದೆ ಇರದಿದ್ದರೂ ನನ್ನ ಮಾತು ಇದೇ ಆಗಿರುತ್ತಿತ್ತು.

ಯಂತ್ರದ ದನಿಯೂ ಲಭ್ಯವಿದೆ. ಮೈಕ್ರೋಸಾಫ್ಟ್‌ನ ಕನ್ನಡ ದನಿಗಳಿಗೆ ಸಪ್ನಾ, ಗಗನ್ ಎಂದು ಹೆಸರು. ಓದು ಸ್ಪಷ್ಟವಾಗಿರುತ್ತದೆ, ಮಾಹಿತಿ ಹೇಳಲು ತಕ್ಕದ್ದು. ದೃಷ್ಟಿ ಇಲ್ಲದವರಿಗಾಗಿ ಒಂದು ವಿವರಣೆ ಸೇರಿಸಲು ಖಂಡಿತ ಬಳಸಬಹುದು. ಆದರೆ "ಇದು ನಮ್ಮ ಮನಿ ಮಗ್ಗದಾಗ ನೇಯ್ದಿದ್ದ ಸೀರಿ ರೀ" ಎಂದು ನೇಯ್ದ ತಾಯಿಯೇ ಮೊಬೈಲಿಗೆ ಹೇಳಿದ ಒಂದು ಸಾಲಿನ ಮುಂದೆ ಆ ಓದು ನಿಲ್ಲುವುದಿಲ್ಲ. ದನಿ ಕೇಳಲು ಒತ್ತುವ ಗುಂಡಿಯನ್ನು ಜನ ಒತ್ತುವುದು ಇಂಥ ಮಾತಿಗಾಗಿ.

ಹಾಗಾದರೆ ಈ ಸೇವೆಗಳು ಬೇಡವೇ? ಬೇಕು. ಕತ್ತರಿಸಿ ಜೋಡಿಸಲು, ಮೊಬೈಲಿಗೂ ಕಂಪ್ಯೂಟರಿಗೂ ತಕ್ಕ ಅಳತೆ ಮಾಡಿಕೊಳ್ಳಲು, ಉಪಶೀರ್ಷಿಕೆ ಹಾಕಲು ಇವುಗಳಷ್ಟು ಸುಲಭದ ಸಾಧನ ಸಣ್ಣವರಿಗೆ ಇನ್ನೊಂದಿಲ್ಲ. ದುಬಾರಿ ಸಾಫ್ಟ್‌ವೇರ್ ಬೇಡ, ಬಲವಾದ ಕಂಪ್ಯೂಟರ್ ಬೇಡ. ಪುಕ್ಕಟೆ ಯೋಜನೆಯಲ್ಲಿ ಎಷ್ಟೋ ಕಡೆ ಕಂಪನಿಯ ಮುದ್ರೆ ಮೂಲೆಯಲ್ಲಿ ಕೂರುತ್ತದೆ, ಅಷ್ಟೇ. ಚಂದಾ ನಿಲ್ಲಿಸಿದ ಮೇಲೆ ಹಳೆಯ ಕೆಲಸವನ್ನು ತಿದ್ದಲು ಕಷ್ಟವಾಗಬಹುದಾದ್ದರಿಂದ, ಮುಗಿದ ವಿಡಿಯೊ ಮತ್ತು ಮೂಲ ದೃಶ್ಯ ಎರಡನ್ನೂ ನಿಮ್ಮ ಬಳಿ ಇಳಿಸಿಟ್ಟುಕೊಳ್ಳಿ. ನನ್ನ ತೀರ್ಪು ಇಷ್ಟು: ಕತ್ತರಿಯಾಗಿ ಈ ಸೇವೆಗಳು ಉತ್ತಮ, ಕಣ್ಣಾಗಿ ಕೆಡುಕು. ದೃಶ್ಯ ನಿಮ್ಮದೇ ಇರಲಿ, ಮೊಬೈಲಿನಲ್ಲಿ ಹಗಲು ಬೆಳಕಿಗೆ ತೆಗೆದದ್ದಾದರೂ ಸರಿ.

ಇನ್ನು ಒತ್ತಕ್ಷರದ ವಿಚಾರ. ನಿಮ್ಮ ಸೇವೆಯಲ್ಲಿ "ಮಗ್ಗ", "ಶ್ರೀ", "ಕನ್ನಡ" ಎಂಬ ಮೂರು ಪದಗಳನ್ನು ಅಕ್ಷರ ಅಕ್ಷರವಾಗಿ ಮೂಡಿಸಿ ನೋಡಿ. ಒಡೆದರೆ ಪರದೆಯ ಚಿತ್ರ ತೆಗೆದು, ಸರಿಯಾದ ರೂಪವನ್ನು ಪಕ್ಕದಲ್ಲಿ ಬರೆದು, ಆ ಸೇವೆಯ ಸಹಾಯ ವಿಭಾಗಕ್ಕೆ ಕಳಿಸಿ. ದೂರು ಹೋಗದ ಭಾಷೆಯ ಕೆಲಸವನ್ನು ಅವರು ಪಟ್ಟಿಯ ಕೊನೆಗೇ ತಳ್ಳುತ್ತಾರೆ. ದಯವಿಟ್ಟು ಬರೆಯಿರಿ.