ಕತ್ತಿಗೂ ತೂಕ ಇರುತ್ತೆ ಸಾರ್

2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಹಿರಿಯ ಕೆಂಪೇಗೌಡರ ಸಮಾಧಿ ಪತ್ತೆಯಾಯ್ತು. ಅದೇ ವರ್ಷ ಥಿಯೇಟರಿಗೆ ‘ಬಾಹುಬಲಿ’ ಬಂತು. ಸಮಾಧಿಯ ಶಾಸನದ ಪ್ರಕಾರ ಗೌಡರು ಕುಣಿಗಲ್‌ನಿಂದ ಬಂದು ಇಲ್ಲಿ ಜಗಳದಲ್ಲಿ ಐಕ್ಯರಾದರು. ಜಗಳ, ಅಷ್ಟೇ. ಸಮರ, ಸಂಗ್ರಾಮ ಅನ್ನೋ ದೊಡ್ಡ ಮಾತಿಲ್ಲ.

ಊರಲ್ಲಿ ಮಚ್ಚು ಹಿಡಿದು ಎಳನೀರು ಕೊಚ್ಚಿದವರಿಗೆ ಗೊತ್ತು: ಹತ್ತನೇ ಕಾಯಿಗೆ ಮಣಿಕಟ್ಟು ಸೋಲುತ್ತೆ, ಮಚ್ಚು ಮರಕ್ಕೆ ಕಚ್ಕೊಂಡ್ರೆ ಎರಡೂ ಕೈಲಿ ಎಳೀಬೇಕು. ನಮ್ಮ ಸಿನಿಮಾದ ಕತ್ತಿ ಎಲ್ಲೂ ಕಚ್ಕೊಳಲ್ಲ. ಒಂದೇ ಬೀಸಿಗೆ ಹತ್ತು ಜನ ಹಾರ್ತಾರೆ.

ಚಮತ್ಕಾರ ಬೇಡ ಅಂತಲ್ಲ. ‘ಬಾಹುಬಲಿ 2’ರಲ್ಲಿ ಮರ ಬಗ್ಗಿಸಿ ಸೈನಿಕರನ್ನು ಕೋಟೆಯೊಳಕ್ಕೆ ಚಿಮ್ಮಿಸಿದಾಗ ನಾನೂ ಶಿಳ್ಳೆ ಹೊಡೆದವನೇ. ‘ಮಯೂರ’ದ (1975) ರಾಜ್‌ಕುಮಾರ್ ವರಸೆಯೂ ನಾಟಕದ್ದೇ, ಗುಬ್ಬಿ ಕಂಪನಿಯಲ್ಲಿ ಪಳಗಿದ ಮೈ ಅದು. ಆದ್ರೆ ಅಲ್ಲಿ ಕತ್ತಿ ಹಿಡಿದಿರೋದು ಒಬ್ಬ ಮನುಷ್ಯ ಅಂತ ನಂಬಬಹುದು. ಈಗಿನ ಎಡಿಟಿಂಗ್‌ನಲ್ಲಿ ಯಾವ ಕೈ ಯಾರದ್ದು ಅನ್ನೋದೇ ತಿಳಿಯಲ್ಲ.

ನನ್ನ ತಕರಾರು ಫಿಸಿಕ್ಸ್ ಬಗ್ಗೆ ಅಲ್ಲವೇ ಅಲ್ಲ, ಭಯದ ಬಗ್ಗೆ. ಎದುರಿನವನ ಕತ್ತಿ ನಾಯಕನಿಗೂ ತಾಗಬಹುದು ಅಂತ ಒಂದು ಕ್ಷಣವಾದ್ರೂ ಅನ್ನಿಸಬೇಕು. ಬೆಂಗಳೂರು ಕಟ್ಟಿದವರಿಗೇ ತಾಗಿತ್ತಲ್ಲ! ಆ ಜಗಳವನ್ನ ಸ್ಲೋ ಮೋಷನ್ ಇಲ್ಲದೆ ತೆಗೆಯೋ ಡೈರೆಕ್ಟರಿಗೆ ಕಾಯ್ತಿದೀನಿ. 2011ರಲ್ಲಿ ಬಂದ ‘ಕೆಂಪೇಗೌಡ’ ಪೊಲೀಸ್ ಸಿನಿಮಾ.