ಸಂಜೆಗೆ ಆಲಮಟ್ಟಿ, ಮುಂಜಾನೆಗೆ ಗೊಟಗೋಡಿ

ನಾಗರಪಂಚಮಿಗೆ ತಂಗಿ ತವರಿಗೆ ಬಂದಳೆಂದರೆ ನಮ್ಮ ಮನೆಯಲ್ಲಿ ಮೊದಲ ದಿನ ಉಂಡಿ, ಎರಡನೆಯ ದಿನ ಜೋಕಾಲಿ, ಮೂರನೆಯ ದಿನ ಜಗಳ. ಜಗಳ ಹೊಲಮನೆಯದಲ್ಲ, ಎಲ್ಲಿಗೆ ಹೋಗಬೇಕೆಂಬುದರದು. ಆಕೆಯ ಗಂಡ ಇಂಡಿಯಲ್ಲಿ ಲಿಂಬೆ ಬೆಳೆಯುವವರು. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂತು, ಪೇಪರಿನಲ್ಲಿ ಫೋಟೊ ಬಂತು, ಆದರೆ ಗಿಡಕ್ಕೆ ಅದೇನೂ ಗೊತ್ತಿಲ್ಲ. ಕಾಯಿ ಉದುರುತ್ತಲೇ ಇರುತ್ತದೆ, ಆರಿಸುತ್ತಲೇ ಇರಬೇಕು. ಹೀಗಾಗಿ ನಮಗೆಲ್ಲ ಕೂಡಿ ಸಿಗುವ ರಜೆ ಮೂರು ಹಗಲು, ಎರಡು ರಾತ್ರಿ. ಸಿಂದಗಿಯ ತೊಗರಿ ಬೆಳೆಗಾರರನ್ನು ಕೇಳಿ, ಮುದ್ದೇಬಿಹಾಳದ ಅಂಗಡಿಯವರನ್ನು ಕೇಳಿ, ಅವರ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ.

ಈ ಸಲ ತಂಗಿಯ ಮಗ ತಯಾರಾಗಿಯೇ ಬಂದಿದ್ದ. ಹದಿಮೂರು ವರ್ಷ, ಕೈಯಲ್ಲಿ ಅಪ್ಪನ ಮೊಬೈಲು. ‘ಮಾಮಾ, ಒಂದಿನ ವಂಡರ್‌ಲಾ, ಒಂದಿನ ರಾಮೋಜಿ ಫಿಲ್ಮ್ ಸಿಟಿ. ಎರಡೂ ಹೈದರಾಬಾದದಾಗ ಅದಾವ. ಅಲ್ಲೇ ರಿಂಗ್ ರೋಡಿನ ಬಾಜೂಕ.’ ತಪ್ಪೇನಿರಲಿಲ್ಲ. ಬಿಡದಿಯ ವಂಡರ್‌ಲಾ 2005ರಿಂದ ಇದೆ, ಹೈದರಾಬಾದಿನದು 2016ರಿಂದ. ಫಿಲ್ಮ್ ಸಿಟಿ ಅದಕ್ಕಿಂತ ಇಪ್ಪತ್ತು ವರ್ಷ ಹಿರಿದು. ಇಂಡಿ, ಸಿಂದಗಿಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಹುಡುಗ ನಕಾಶೆ ಸರಿಯಾಗಿಯೇ ಓದಿದ್ದ. ಓದದೆ ಬಿಟ್ಟದ್ದು ಗಾಡಿಯೊಳಗೆ ಕೂರುವವರನ್ನು. ಎಪ್ಪತ್ತೆಂಟರ ನಮ್ಮವ್ವ, ಆರು ವರ್ಷದ ನನ್ನ ಮಗಳು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ನಾನು. ಎತ್ತರ ಅಳೆಯುವ ಕಂಬದ ಮುಂದೆ ನಿಂತು ಎರಡು ಬೆರಳು ಕಡಿಮೆ ಬಿದ್ದಿದ್ದಕ್ಕೆ ಬಿಕ್ಕಿಬಿಕ್ಕಿ ಅತ್ತ ಮಕ್ಕಳನ್ನು ನಾನು ಕಂಡಿದ್ದೇನೆ. ಅಂಥ ಕಡೆ ಅಜ್ಜಿಯರ ಕೆಲಸ ಒಂದೇ, ಎಲ್ಲರ ಚಪ್ಪಲಿ ಕಾಯುವುದು.

ಅಮೆರಿಕದ ನಮ್ಮ ಮಂದಿಗೂ ಇದೇ ತಾಪತ್ರಯ. ಫ್ಲಾರಿಡಾದ ಒರ್ಲಾಂಡೊದಲ್ಲಿ 1971ರಲ್ಲಿ ಡಿಸ್ನಿಯವರು ಬಾಗಿಲು ತೆರೆದರು, 1990ರಲ್ಲಿ ಯುನಿವರ್ಸಲ್‌ನವರು. ಊರಿಂದ ಹೋದ ಅಪ್ಪ-ಅವ್ವನನ್ನು ಕಟ್ಟಿಕೊಂಡು ಮಕ್ಕಳು ಅಲ್ಲಿ ನಾಲ್ಕು ದಿನದ ರಜೆಯನ್ನು ಎರಡು-ಎರಡು ಮಾಡಿ ಸೀಳುತ್ತಾರೆ. ನನಗೆ ಫೋನ್ ಮಾಡಿ ಕೇಳಿದವರೂ ಇದ್ದಾರೆ, ಈ ಅಂಕಣ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆಂದು. ಒರ್ಲಾಂಡೊ ನಾನು ನೋಡಿಲ್ಲ. ಅವರಿಗೆ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ: ನಾನು ದಿನ ಎಣಿಸುವುದನ್ನು ಬಿಟ್ಟು ಬಹಳ ವರ್ಷವಾಯಿತು, ಹೊತ್ತು ಎಣಿಸುತ್ತೇನೆ. ಕೆಲವು ಜಾಗ ಸಂಜೆಯವು, ಕೆಲವು ಮುಂಜಾನೆಯವು. ಸಂಜೆಯ ಜಾಗಕ್ಕೆ ಮಟಮಟ ಮಧ್ಯಾಹ್ನ ಹೋಗಿ, ಮುಂಜಾನೆಯ ಜಾಗಕ್ಕೆ ದಣಿದು ಸಂಜೆ ಮುಟ್ಟಿ, ಆಮೇಲೆ ‘ಏನೈತ್ರಿ ಅಲ್ಲಿ’ ಎಂದು ಮೂಗು ಮುರಿಯುವವರೇ ಹೆಚ್ಚು. ಇನ್ನೊಂದು, ಗಂಟುಮೂಟೆ ಕಟ್ಟಿ ಲಾಡ್ಜು ಬದಲಿಸುವ ದಿನ ಅರ್ಧ ಸತ್ತಂತೆಯೇ ಲೆಕ್ಕ. ಅದನ್ನು ಮೊದಲೇ ಕಳೆದುಬಿಡಬೇಕು.

ಹಾಗೆ ಕಳೆದು ಕೂಡಿಸಿ ನಾನು ಇಟ್ಟ ಎರಡು ಹೆಸರು ಆಲಮಟ್ಟಿ ಮತ್ತು ಗೊಟಗೋಡಿ. ಹುಡುಗ ಮುಖ ಸಿಂಡರಿಸಿದ. ‘ಆಲಮಟ್ಟಿಗೆ ಸಾಲಿಯಿಂದ ಹೋಗಿ ಬಂದೀನಿ.’ ಇಂಡಿ, ಸಿಂದಗಿ, ಮುದ್ದೇಬಿಹಾಳ, ನಮ್ಮ ಬಾಗೇವಾಡಿ, ನಾಲ್ಕೂ ತಾಲ್ಲೂಕಿನ ರೋಗ ಇದು. ಎಲ್ಲರೂ ಆಲಮಟ್ಟಿಗೆ ಹೋಗಿ ಬಂದವರೇ, ಆದರೆ ಹೋದದ್ದು ಶಾಲೆಯ ಬಸ್ಸಿನಲ್ಲಿ, ಬಿಸಿಲಲ್ಲಿ, ಮೂರು ತಾಸು. ದೀಪ ಹತ್ತುವುದರೊಳಗೆ ಮಾಸ್ತರರು ತಲೆ ಎಣಿಸಿ ಬಸ್ ಹತ್ತಿಸಿರುತ್ತಾರೆ. ಮುದ್ದೇಬಿಹಾಳದವರಂತೂ ‘ನಮ್ಮ ಹಿತ್ತಲಾ’ ಎಂದುಬಿಡುತ್ತಾರೆ.

ಬಸವನ ಬಾಗೇವಾಡಿಯಿಂದ ಕ್ರೂಸರ್ ಹೊರಟಿದ್ದು ಊಟ ಮಾಡಿ, ಎರಡು ಗಂಟೆಗೆ. ರೈಲಿನ ಮಾತು ಬಂತು, ಅಲ್ಲಿಗೇ ಬಿಟ್ಟೆವು. ನಮ್ಮೂರಿನ ಸ್ಟೇಷನ್ನಿನ ಹೆಸರು ಬಸವನ ಬಾಗೇವಾಡಿ ರೋಡ್, ತಂಗಿಯ ಊರಿನದು ಇಂಡಿ ರೋಡ್; ಹೆಸರಿನಲ್ಲಿ ‘ರೋಡ್’ ಇದ್ದರೆ ಊರು ದೂರ ಎಂದೇ ತಿಳಿಯಬೇಕು. ಸಿಂದಗಿ, ಮುದ್ದೇಬಿಹಾಳಕ್ಕೆ ಆ ‘ರೋಡ್’ ಕೂಡ ಇಲ್ಲ. ಬುತ್ತಿಯಲ್ಲಿ ಖಡಕ್ ರೊಟ್ಟಿ, ಗುರೆಳ್ಳ ಚಟ್ನಿ, ಶೇಂಗಾ ಹೋಳಿಗೆ, ಪಂಚಮಿಯ ಉಳಿದ ಉಂಡಿ. ಒಂದು ಗಂಟೆಯೊಳಗೆ ನಿಡಗುಂದಿ ದಾಟಿದ್ದೆವು.

ಅಣೆಕಟ್ಟಿನ ಬುಡದಲ್ಲಿ ತೋಟ ಮಾಡುವ ಬುದ್ಧಿ ನಮ್ಮ ನಾಡಿಗೆ ಹಳೆಯದು. ಕನ್ನಂಬಾಡಿಯ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಬೃಂದಾವನದ ಕೆಲಸ ಹಚ್ಚಿದ್ದು 1927ರಲ್ಲಿ, ಮುಗಿದದ್ದು 1932ರಲ್ಲಿ. ಡಿಸ್ನಿಲ್ಯಾಂಡ್ ಶುರುವಾದದ್ದು 1955ರಲ್ಲಿ. ದೀಪ, ನೀರು, ಸಂಗೀತ ಕೂಡಿಸಿ ಮಂದಿಯನ್ನು ಬಾಯಿ ತೆರೆದು ನಿಲ್ಲಿಸುವ ವಿದ್ಯೆಯನ್ನು ನಾವು ಅಮೆರಿಕದಿಂದ ಕಲಿತದ್ದಲ್ಲ. ಆಲಮಟ್ಟಿ ಆ ಬೃಂದಾವನದ ಮೊಮ್ಮಗ. ಕೃಷ್ಣಾ ಭಾಗ್ಯ ಜಲ ನಿಗಮದವರು ಬೆಳೆಸಿದ ತೋಟಗಳಲ್ಲಿ ಒಂದರ ಹೆಸರೇ ‘77 ಎಕರೆ’. ಮೊಘಲ್, ಇಟಾಲಿಯನ್, ಫ್ರೆಂಚ್ ಎಂದು ಅದರಲ್ಲಿ ಪಾಲುಗಳು. ನಾನು ಮೊದಲು ಮಕ್ಕಳನ್ನು ರಾಕ್ ಗಾರ್ಡನ್‌ಗೆ ಬಿಟ್ಟೆ. ನಾಲ್ಕೂವರೆಯ ಬಿಸಿಲು ಓರೆಯಾಗಿ ಬೀಳುವಾಗ ಅಲ್ಲಿನ ಪ್ರಾಣಿಗಳಿಗೆ ನೆರಳು ಬರುತ್ತದೆ, ನೆರಳು ಬಂದರೆ ಜೀವ ಬಂದಂತೆ. ಆ ಹೆಸರು ಕೇಳಿದಾಗೆಲ್ಲ ಚಂಡೀಗಢದ ನೇಕ್ ಚಂದ್ ನೆನಪಾಗುತ್ತಾರೆ. ಒಡೆದ ಬಳೆ, ಹೆಂಚಿನ ಚೂರು ಆರಿಸಿ ಅವರು ಕದ್ದುಮುಚ್ಚಿ ಕಟ್ಟಿದ್ದ ತೋಟ 1976ರಲ್ಲಿ ಮಂದಿಗೆ ತೆರೆಯಿತು. ಈಗ ದೇಶದ ತುಂಬ ‘ರಾಕ್ ಗಾರ್ಡನ್’ಗಳು.

ಈ ಸಲ ಮಹಾರಾಷ್ಟ್ರದ ಕಡೆ ಮಳೆ ಚಲೋ ಆಗಿತ್ತು. ಅಣೆಕಟ್ಟಿಗೆ ಇಪ್ಪತ್ತಾರು ಗೇಟು. ಎಷ್ಟು ಎತ್ತಿದ್ದರೋ ಎಣಿಸಲಿಲ್ಲ, ನೀರು ಹೊಗೆಯಾಗಿ ಏಳುತ್ತಿತ್ತು. ಮೊಬೈಲಿನಿಂದ ಹುಡುಗನ ತಲೆ ಮೇಲೆದ್ದದ್ದು ಆಗ, ಮೊದಲ ಸಲ. ಗೇಟು ಬಿಟ್ಟ ಆಲಮಟ್ಟಿಯ ಸಪ್ಪಳ ಕಿವಿಗಿಂತ ಮೊದಲು ಎದೆಗೆ ಬರುತ್ತದೆ. ಬೇಸಿಗೆ ರಜೆಯಲ್ಲಿ ಬಂದವರಿಗೆ ಇದು ಸಿಗುವುದಿಲ್ಲ. ಅದಕ್ಕೇ ನನ್ನ ಮತ ಶ್ರಾವಣಕ್ಕೆ, ಅದೂ ವಾರದ ನಡುವೆ. ಆಗಸ್ಟ್ 15ರ ಆಸುಪಾಸು ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಅವ್ವ ಕಾರಂಜಿಗೆ ಬರಲಿಲ್ಲ. ಹಿನ್ನೀರು ಕಾಣುವ ಕಡೆ ಕಲ್ಲಿನ ಮೇಲೆ ಕೂತಳು. ಆಕೆಯ ತವರೂರು ಮುಳುಗಡೆಯಲ್ಲಿ ಹೋಗಿದೆ. ಆಕೆಯ ತಮ್ಮಂದಿರು ಈಗ ಪುನರ್ವಸತಿ ಕೇಂದ್ರದಲ್ಲಿ ಇದ್ದಾರೆ, ಊರಿನ ಹೆಸರು ಅದೇ, ಮಣ್ಣು ಬೇರೆ. ಪಂಚಮಿಗೆ ತವರಿಗೆ ಕರೆಯಲು ಅವರು ಈಗಲೂ ಬರುತ್ತಾರೆ, ಅವ್ವ ಈಗಲೂ ಹೋಗುತ್ತಾಳೆ, ಆದರೆ ‘ತವರಿಗೆ ಹೋಗಿದ್ದೆ’ ಎನ್ನುವುದಿಲ್ಲ, ‘ತಮ್ಮನ ಮನೀಗೆ’ ಎನ್ನುತ್ತಾಳೆ. 1964ರಲ್ಲಿ ಅಡಿಗಲ್ಲು ಇಟ್ಟ ಶಾಸ್ತ್ರೀಜಿಯ ಹೆಸರನ್ನು ಈ ಸಾಗರಕ್ಕೆ ಇಟ್ಟಿದ್ದಾರೆ, 2006ರಲ್ಲಿ ರಾಷ್ಟ್ರಪತಿ ಕಲಾಂ ಬಂದು ಲೋಕಾರ್ಪಣೆ ಮಾಡಿದರು, ಇಲ್ಲಿ 123 ಟಿಎಂಸಿ ನೀರು ನಿಲ್ಲುತ್ತದೆ, ಎಲ್ಲ ಹೇಳಿದೆ. ಕೇಳಿಸಿಕೊಂಡಳು.

‘ಇನ್ನೂ ಏರಸ್ತಾರಂತಲ್ಲೋ?’

‘ಹೂಂ, ಈಗ 519. ಅದನ್ನ 524 ಮೀಟರಿಗೆ ಏರಸಬೇಕಂತ ಐತಿ.’

‘ಹಂಗಾರ ತಮ್ಮನ ಮನೀಗೆ ಬರತೈತೇನು ನೀರು?’

ಬರುವುದಿಲ್ಲ ಎಂದೆ. ಅಷ್ಟು ಹೊತ್ತಿಗೆ ಆ ಕಡೆ ಕಾರಂಜಿಯ ಹಾಡು ಶುರುವಾಗಿ, ಕೆಂಪು ನೀರು ನೀಲಿಯಾಗಿ, ಮಕ್ಕಳು ಕೂಗುವುದು ಕೇಳುತ್ತಿತ್ತು. ದೀಪದ ಬೆಳಕು ಹಿನ್ನೀರಿನ ತನಕ ಬರುವುದಿಲ್ಲ, ಅಲ್ಲಿ ಬರೀ ಕತ್ತಲು. ಆ ರಾತ್ರಿ ಅಲ್ಲೇ ಉಳಿದೆವು. ರೂಮಿನ ವಿಷಯ ಬರೆಯುವುದಿಲ್ಲ, ಫ್ಯಾನು ತಿರುಗಿತು ಎಂದರೆ ಸಾಕು. ಪ್ರವಾಸೋದ್ಯಮ ನಿಗಮದ ಮಯೂರ ಕೃಷ್ಣಾ ಹೋಟೆಲು ಅಲ್ಲಿದೆ. ಶ್ರಾವಣದಲ್ಲಿ ಮೊದಲೇ ಬುಕ್ ಮಾಡಿಕೊಳ್ಳುವವರು ಜಾಣರು, ನಾನು ಆ ಪೈಕಿ ಅಲ್ಲ.

ಎರಡನೆಯ ದಿನ ದಾರಿಯದು. ಇಂಥ ದಿನ ಮನುಷ್ಯನನ್ನು ಕೆಡಿಸುವ ಮಾತು ಒಂದಿದೆ: ‘ದಾರೀಲೇ ಐತಲ್ಲ.’ ಕೂಡಲಸಂಗಮ ದಾರಿಯಲ್ಲೇ ಇದೆ, ಐಹೊಳೆ ದಾರಿಯಲ್ಲೇ ಇದೆ, ಪಟ್ಟದಕಲ್ಲು, ಬಾದಾಮಿ ದಾರಿಯಲ್ಲೇ ಇವೆ. ಎಲ್ಲ ಇಳಿದು ನೋಡಿದರೆ ಸಂಜೆಗೆ ಯಾರಿಗೂ ಯಾವ ಗುಡಿ ಯಾವುದೆಂದು ನೆನಪಿರುವುದಿಲ್ಲ, ಮಕ್ಕಳಿಗೆ ಕಂಬ ಕಂಡರೆ ಸಿಟ್ಟು. ನಾನು ಕಟ್ಟುನಿಟ್ಟು. ಆದರೆ ಬಾಗೇವಾಡಿಯವರು ಸಂಗಮನಾಥನನ್ನು ದಾಟಿ ಹೋಗುವುದುಂಟೇ? ಅವ್ವನ ಸಲುವಾಗಿ ಒಂದು ತಾಸು ಕೊಟ್ಟೆ. ನಾರಾಯಣಪುರದ ಹಿನ್ನೀರಿನ ನಡುವೆ ಬಾವಿಯಂಥ ಗೋಡೆಯೊಳಗೆ ಬಸವಣ್ಣನ ಐಕ್ಯಮಂಟಪ, ಮೆಟ್ಟಿಲು ಇಳಿದು ಹೋಗಬೇಕು. ‘ಇದನ್ನ ಮುಳುಗಾಕ ಬಿಡಲಿಲ್ಲ ನೋಡು’ ಅಂದಳು ಅವ್ವ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಬಾದಾಮಿಯ ಗುಡ್ಡಕ್ಕೆ ಗಾಡಿಯೊಳಗಿಂದಲೇ ಕೈಮುಗಿದು, ನರಗುಂದ, ನವಲಗುಂದದ ಕರಿಮಣ್ಣು ದಾಟಿ, ರಾತ್ರಿ ಹುಬ್ಬಳ್ಳಿ.

ಗೊಟಗೋಡಿ ಅಲ್ಲಿಂದ ಬೆಂಗಳೂರು ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆಯ ದಾರಿ, ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕು. ಜಾನಪದ ವಿಶ್ವವಿದ್ಯಾಲಯ ಇರುವುದೂ ಅದೇ ಊರಲ್ಲಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅಲ್ಲಿ ಸಿಮೆಂಟಿನಲ್ಲಿ ಇಡೀ ಒಂದು ಹಳ್ಳಿಯನ್ನು ಎರಕ ಹೊಯ್ದು ನಿಲ್ಲಿಸಿದ್ದಾರೆ. ಆಳೆತ್ತರದ ಮಂದಿ, ದನ, ಎತ್ತು, ಮನೆ, ಕಟ್ಟೆ. ಈಗಿಲ್ಲದ ಸೊಲಬಕ್ಕನವರ ದೊಡ್ಡಾಟದ ಮನುಷ್ಯರಾಗಿದ್ದರು. ಅವರ ಬೊಂಬೆಗಳ ನಿಲುವಿನಲ್ಲಿ ಆಟದವರ ಠೀವಿ ಇದೆ, ಆದರೆ ಕೈ ಮಾತ್ರ ಕೆಲಸ ಬಲ್ಲವರದು. ನಾನು ಯಾವಾಗಲೂ ಮೊದಲು ಕೈ ನೋಡುತ್ತೇನೆ. ಮುಖ ಯಾರಾದರೂ ಮಾಡಿಯಾರು. ಹಗ್ಗ ಹಿಡಿದ ಮುಷ್ಟಿಯಲ್ಲಿ ಹೆಬ್ಬೆರಳು ಎಲ್ಲಿ ಕೂಡುತ್ತದೆ ಎಂಬುದನ್ನು ಹೊಲದಲ್ಲಿ ನಿಂತು ನೋಡಿದವರೇ ಮಾಡಬೇಕು.

ಬಾಗಿಲು ತೆರೆಯುವ ಹೊತ್ತಿಗೆ ಹೋಗಿದ್ದೆವು, ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಇದು ಮುಂಜಾನೆಯ ಜಾಗ ಎನ್ನುವುದು ಅದಕ್ಕೇ. ಮಂದಿ ತುಂಬಿದ ಮೇಲೆ ಅದು ಸೆಲ್ಫಿಯ ಜಾತ್ರೆ. ಖಾಲಿ ಇದ್ದಾಗ ಒಂದು ಊರು. ನಸುಕಿಗೆ ಎದ್ದ ಊರು ಹೇಗೆ ತನ್ನ ಪಾಡಿಗೆ ತಾನು ಕೆಲಸದಲ್ಲಿರುತ್ತದೋ ಹಾಗೆ. ರಾಜಕುಮಾರ್ ಅವರ ಸಿನಿಮಾ ಪಾತ್ರಗಳ ಹತ್ತಿರ ತಂಗಿಯ ಗಂಡ ನಿಂತುಬಿಟ್ಟರು, ಅವರನ್ನು ಅಲ್ಲೇ ಬಿಟ್ಟೆವು.

ಆಲಮಟ್ಟಿಯಲ್ಲಿ ಕಲ್ಲಿನ ಮೇಲೆ ಕೂತವಳು ಇಲ್ಲಿ ಮುಂದೆ ನಡೆದಳು. ನಾವು ಹಿಂದೆ. ‘ಆಯಿ, ಇದೇನು?’ ಎಂದರೆ ಕೂರಿಗಿ, ‘ಇದೇನು?’ ಎಂದರೆ ರಂಟಿ. ಒಂದು ಎತ್ತಿನ ಮುಂದೆ ನಿಂತು ಮೈಸವರಿ, ‘ಇದಕ್ಕ ನಾಕು ಹಲ್ಲು ಇರಬೇಕು’ ಎಂದಳು, ಸಂತೆಯಲ್ಲಿ ನಿಂತವಳ ಹಾಗೆ. ಪೂರ್ತಿ ಒಂದು ಸುತ್ತು ಬಂದ ಮೇಲೆ ಕಟ್ಟೆಗೆ ಕೂತು ಸುತ್ತ ನೋಡಿ ಕೇಳಿದಳು: ‘ಹಗೇವು ಎಲ್ಲೈತಿ?’

ಹಗೇವು ಎಂದರೆ ಮಕ್ಕಳಿಗೆ ಗೊತ್ತಿಲ್ಲ. ತಂಗಿಗೇ ಅರ್ಧ ಗೊತ್ತು. ಅವ್ವ ಕೋಲಿನಿಂದ ನೆಲದ ಮೇಲೆ ಗೀರಿದಳು. ಬಾಯಿ ಸಣ್ಣದು, ಒಬ್ಬ ಇಳಿಯುವಷ್ಟು. ಒಳಗೆ ಹೋದ ಹಾಗೆ ಅಗಲ, ಗಡಗಿಯ ಹೊಟ್ಟೆಯ ಹಾಗೆ. ತಳಕ್ಕೆ, ಗೋಡೆಗೆ ಕಣಿಕೆ, ಹೊಟ್ಟು. ಜೋಳ ತುಂಬಿ ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಇಟ್ಟರೂ ಹುಳ ಬೀಳುವುದಿಲ್ಲ. ಒಳಗೆ ಗಾಳಿ ಇಲ್ಲದಿದ್ದರೆ ಹುಳ ಹೇಗೆ ಬದುಕೀತು? ‘ಹುಳ ಬದುಕಲಿಲ್ಲ ಅಂದ್ರ ಮನಷ್ಯಾ ಬದಕತಾನೇನು?’ ಅದಕ್ಕೇ ತೆರೆದ ದಿನವೇ ಯಾರೂ ಇಳಿಯುವುದಿಲ್ಲ. ಕಲ್ಲು ತೆಗೆದು, ಒಳಗಿನ ಝಳ ಹೊರಬೀಳಲು ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ನಿಧಾನಕ್ಕೆ ಇಳಿಬಿಡಬೇಕು. ದೀಪ ಉರಿದರೆ ಆಳು ಇಳಿಯಬಹುದು. ದೀಪ ಆರಿದರೆ ಇನ್ನೊಂದು ದಿನ ಕಾಯಬೇಕು. ನೀರು ಬರುತ್ತದೆ ಎಂದು ನೋಟೀಸು ಬಂದ ವರ್ಷ ಅವರ ಅಪ್ಪ ಮನೆಯ ಹಗೇವು ತೆರೆಸಿದ್ದನಂತೆ. ಮೊದಲ ದಿನ ದೀಪ ಆರಿತು. ಎರಡನೆಯ ದಿನವೂ ಆರಿತು. ‘ಹೊರಗಿನ ಮಂದಿ ಗಂಟು ಕಟ್ಟಿ ಗಾಡಿ ಹೇರಾಕತ್ತಾರ, ನಮ್ಮಪ್ಪ ಬಾಯಿಗೆ ಕುಂತು ಕಂದೀಲ ಬಿಡಾಕತ್ತಾನ.’

ಹುಡುಗ ಮೊಬೈಲು ಕಿಸೆಗೆ ಹಾಕಿ ಯಾವ ಹೊತ್ತಾಗಿತ್ತೋ. ಮೂರನೆಯ ದಿನ ಏನಾಯಿತು ಎಂದು ಕೇಳಿದ. ಉರಿಯಿತಂತೆ. ಜೋಳ ತೆಗೆದು, ಅಣ್ಣತಮ್ಮಂದಿರು ಚೀಲ ಹಂಚಿಕೊಂಡು ಊರು ಬಿಟ್ಟರಂತೆ. ಬಾಯಿ ಮುಚ್ಚಲಿಲ್ಲವಂತೆ.

ಮಧ್ಯಾಹ್ನ ಬಿಸಿಲು ನೆತ್ತಿಗೆ ಬರುವ ಮೊದಲು ಹೊರಟೆವು, ರಾತ್ರಿ ಊಟದ ಹೊತ್ತಿಗೆ ಬಾಗೇವಾಡಿ. ತಂಗಿ ಮರುದಿನ ಇಂಡಿಗೆ ಹೋಗುವವಳು. ಬೆಳಿಗ್ಗೆ ಚಹಾ ಕುಡಿಯುತ್ತ ಹಿತ್ತಲಿಗೆ ಹೋದರೆ ಹುಡುಗ ನಮ್ಮ ಬತ್ತಿದ ನೀರಿನ ಟಾಕಿಯ ಬಾಯಿಗೆ ಬೋರಲು ಬಿದ್ದಿದ್ದ. ಪಕ್ಕದಲ್ಲಿ ನನ್ನ ಮಗಳು. ಕೈಯಲ್ಲಿ ದನ ಕಟ್ಟುವ ಹಗ್ಗ, ಹಗ್ಗದ ತುದಿಗೆ ಅಪ್ಪನ ಮೊಬೈಲು, ಟಾರ್ಚ್ ಹಚ್ಚಿದ್ದು. ಅವ್ವ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

‘ಆಯಿ, ಆರಲಿಲ್ಲ. ಇಳೀಲಿ?’

‘ಅದು ಆರೂದಿಲ್ಲೋ ತಮ್ಮಾ’ ಎಂದಳು. ‘ಅದಕ್ಕ ಏನ ಗೊತ್ತಾಗತೈತಿ. ಹೋಗು, ದೇವರ ಮನ್ಯಾಗಿನ ದೀಪ ತಗೊಂಬಾ.’